ಅಪ್ಪನ ಹೆಸರಿನ ಚಿನ್ನ

ಕಾಲಿಂಗ್ ಬೆಲ್ ಸದ್ದಾದಾಗ ಪ್ರೇಮಮ್ಮ ಹಾಲಿನವನೇ ಬೇಗ ಬಂದನೆಂದುಕೊಂಡು ಪಾತ್ರೆ ಹಿಡಿದೇ ಬಾಗಿಲು ತೆಗೆದಳು. ಗೇಟಿನೊಳಗೆ ಏಳೆಂಟು ಜನ ನಿಂತಿದ್ದರು. ಅವರಲ್ಲಿ ಇಬ್ಬರು ಹೆಂಗಸರು ಖಾಕಿಯಲ್ಲಿದ್ದರು, ಉಳಿದವರೆಲ್ಲ ಮಾಮೂಲಿ ಪ್ಯಾಂಟು ಶರ್ಟು. ಮುಂದಿದ್ದವನು ಗುರುತಿನ ಚೀಟಿ ತೋರಿಸಿ, "ಭ್ರಷ್ಟಾಚಾರ ನಿಗ್ರಹ ದಳದಿಂದ ಬಂದಿದ್ದೀವಿ ಅಮ್ಮ. ಸಾಹೇಬ್ರು ಎದ್ದಿದಾರಾ?" ಎಂದ.

"ಎದ್ದಿಲ್ಲ. ಕೂತ್ಕೊಳ್ಳಿ, ಎಬ್ಬಿಸ್ತೀನಿ. ಕಾಫಿ ಕುಡೀತೀರಾ?" ಎಂದಳು ಪ್ರೇಮಮ್ಮ.

ಹುಣಸೂರಿನ ಆ ಬಡಾವಣೆಯ ಹೆಂಗಸರು ಮುಂದೆ ಈ ಮಾತನ್ನು ಎಷ್ಟೋ ಸಲ ಹೇಳಿಕೊಂಡು ನಕ್ಕಿದ್ದಾರೆ. ಪ್ರೇಮಮ್ಮನಿಗೆ ಅದರಲ್ಲಿ ನಗುವಂಥದ್ದೇನೂ ಕಂಡಿರಲಿಲ್ಲ. ಮನೆಗೆ ಜನ ಬಂದಿದ್ದರು, ಕೇಳಿದಳು. ಯಾರೂ ಬೇಡ ಅನ್ನಲಿಲ್ಲ, ಯಾರೂ ಹೂಂ ಅನ್ನಲೂ ಇಲ್ಲ. ಅವಳು ಒಳಗೆ ಹೋಗಿ ಹಾಲಿಲ್ಲದೆಯೇ ಸ್ಟೌವ್ ಹಚ್ಚಿ, ಅದರ ಮುಂದೆ ಸುಮ್ಮನೆ ನಿಂತಳು. ಮಹಿಳಾ ಪೊಲೀಸೊಬ್ಬಳು ಹಿಂದೆಯೇ ಬಂದು ಅದನ್ನು ಆರಿಸಿದಳು.

ಅವಳ ಗಂಡ ಮಹದೇವಪ್ರಸಾದ್ ಪಿರಿಯಾಪಟ್ಟಣದ ಕಡೆ ಬೂದನಕೊಪ್ಪಲು ಅನ್ನುವ ಊರಿನ ಗ್ರಾಮ ಪಂಚಾಯಿತಿಯಲ್ಲಿ ಪಿಡಿಓ ಆಗಿದ್ದ. ಬಿಲ್ ಕಲೆಕ್ಟರ್ ಆಗಿ ಸೇರಿ, ಕಾರ್ಯದರ್ಶಿಯಾಗಿ, ಪರೀಕ್ಷೆ ಕಟ್ಟಿ ಪಿಡಿಓ ಆದವನು. ಕೆಟ್ಟ ಗಂಡನಲ್ಲ. ಕುಡಿಯುತ್ತಿರಲಿಲ್ಲ, ಕೈಯೆತ್ತಿದವನಲ್ಲ. ಮಗಳು ಚೈತ್ರಳನ್ನು ಮೈಸೂರಿನ ಹಾಸ್ಟೆಲ್ಲಿಗೆ ಸೇರಿಸಿದ ದಿನ ಬಸ್ ಸ್ಟ್ಯಾಂಡಿನಲ್ಲಿ ಮುಖ ತಿರುಗಿಸಿಕೊಂಡು ಅತ್ತಿದ್ದ. ಸರಗೂರಿನಲ್ಲಿದ್ದ ಮಾವ, ಪ್ರೇಮಮ್ಮನ ಅಪ್ಪ ಕಂಠಪ್ಪನ ಎರಡೂ ಕಣ್ಣಿಗೆ ಆಪರೇಷನ್ ಮಾಡಿಸಿದ್ದು ಅವನೇ. ಆಸ್ಪತ್ರೆಯಲ್ಲಿ ಅವನ ಜೊತೆಗೆ ಉಳಿದದ್ದೂ ಅವನೇ.

ಅವನು ಮೊದಲು ಮನೆಗೆ ಚಿನ್ನ ತಂದದ್ದು ಒಂದು ಗೌರಿ ಹಬ್ಬಕ್ಕೆ. ಪುಟ್ಟ ಕೆಂಪು ಡಬ್ಬಿಯನ್ನು ಅಡುಗೆಮನೆ ಕಟ್ಟೆಯ ಮೇಲಿಟ್ಟು, "ಸಂಬಳದ ಅರಿಯರ್ಸ್ ಬಂತು, ನಿಂಗೇ ಅಂತ ತಂದೆ" ಎಂದಿದ್ದ. ಆಗ ಅವಳು ನಂಬಿದ್ದಳು. ಎರಡನೆಯ ಸಲ ನಂಬಲಿಲ್ಲ, ಆದರೂ ಕೇಳಿದಳು. ಮೂರನೆಯ ಸಲದಿಂದ ಕೇಳುವುದನ್ನೂ ಬಿಟ್ಟಳು. ಡಬ್ಬಿ ಬರುತ್ತಿತ್ತು, ಅವಳು ಬೀರುವಿನಲ್ಲಿ ಮಡಗುತ್ತಿದ್ದಳು. ನೆಂಟರ ಮದುವೆಗಳಿಗೆ ಒಂದೆರಡನ್ನು ಹಾಕಿಕೊಂಡೂ ಹೋಗಿದ್ದಳು. ಚೆನ್ನಾಗಿದೆ ಅಂದವರಿಗೆ ಖುಷಿಯಿಂದಲೇ ತೋರಿಸಿದ್ದಳು.

ಬಂದವರು ಈಗ ಅದನ್ನೆಲ್ಲ ಮಲಗುವ ಕೋಣೆಯ ಮಂಚದ ಮೇಲೆ ಹರಡಿದರು. ಮಂಚದ ಮೇಲೆ ನವಿಲಿನ ಚಿತ್ರದ ಬೆಡ್‌ಶೀಟಿತ್ತು. ತೂಕ ಹಾಕಲು ಬಂದಿದ್ದ ಅಕ್ಕಸಾಲಿ ಒಂದೊಂದನ್ನೇ ಎತ್ತಿ ತಕ್ಕಡಿಗಿಟ್ಟು ಹೇಳುತ್ತಿದ್ದ, ಇನ್ನೊಬ್ಬ ಬರೆಯುತ್ತಿದ್ದ. ನಡುವೆ ಒಂದು ಬೆಳ್ಳಿಯ ಉಂಡೆಯಂಥದ್ದು ಬಂದಾಗ ಅಕ್ಕಸಾಲಿ ಅವಳ ಮುಖ ನೋಡಿದ. "ಲಿಂಗದ ಕರಡಿಗೆ. ನಮ್ಮತ್ತೇದು" ಎಂದಳು. ಆತ ಅದನ್ನು ಎರಡೂ ಕೈಯಲ್ಲಿ ಹಿಡಿದು ದೇವರ ಗೂಡಿನ ಮುಂದಿಟ್ಟು ಬಂದ. ಮಹದೇವಪ್ರಸಾದ್ ಬನಿಯನ್ನಿನಲ್ಲೇ ಸೋಫಾದ ಮೇಲೆ ಕೂತಿದ್ದ. ಶರ್ಟು ಹಾಕಿಕೊಳ್ಳಿ ಎಂದು ಯಾರೋ ಹೇಳಿದರು. ಅವನು ಹಾಕಿಕೊಂಡದ್ದು ಉಲ್ಟಾ. ಅದನ್ನು ಹೇಳಬೇಕು ಅನ್ನಿಸಿತಾದರೂ ಪ್ರೇಮಮ್ಮ ಹೇಳಲಿಲ್ಲ.

ಮಧ್ಯಾಹ್ನದ ಹೊತ್ತಿಗೆ ಆ ಮಂಚ, ಆ ನವಿಲಿನ ಬೆಡ್‌ಶೀಟು ಟೀವಿಯಲ್ಲಿ ಬಂತು. ಮೈಸೂರಿನಿಂದ ಚೈತ್ರ ಫೋನ್ ಮಾಡಿದಳು. ಉಸಿರು ಮಾತ್ರ ಕೇಳಿಸುತ್ತಿತ್ತು. "ಊಟ ಆಯ್ತಾ?" ಎಂದಳು ಪ್ರೇಮಮ್ಮ. ಆ ಕಡೆಯಿಂದ ಫೋನ್ ಇಟ್ಟ ಸದ್ದಾಯಿತು.

ಅಂದು ಅಳು ಬರಬಹುದು ಎಂದು ಅವಳು ಕಾದಳು. ಬರಲಿಲ್ಲ. ಮಾರನೆ ದಿನವೂ ಬರಲಿಲ್ಲ. ಕೈಗೆ ಅರಿವಳಿಕೆ ಚುಚ್ಚಿದಾಗ ಮುಟ್ಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲವಲ್ಲ, ಹಾಗಿತ್ತು ಎಂದು ಬಹಳ ದಿನದ ಮೇಲೆ ಅಕ್ಕಪಕ್ಕದವರಲ್ಲಿ ಒಬ್ಬಳಾದ ಸುಕನ್ಯಳ ಹತ್ತಿರ ಹೇಳಿದ್ದಳು.

ಮಹದೇವಪ್ರಸಾದನನ್ನು ಅಮಾನತು ಮಾಡಿದರು. ಕಾರು ಜಪ್ತಿಯಾಯಿತು. ಅವನು ಮೈಸೂರಿನ ಒಬ್ಬ ವಕೀಲರನ್ನು ಹಿಡಿದ. ಗಂಡ ಹೆಂಡತಿ ಇಬ್ಬರೂ ಅವರ ಆಫೀಸಿಗೆ ಹೋದಾಗ ವಕೀಲರು ಪಂಚನಾಮೆಯ ಹಾಳೆಗಳನ್ನು ತಿರುವಿ ಹಾಕಿ ಹೇಳಿದರು: "ಸೈಟುಗಳ ವಿಚಾರ ಹೆಂಗೋ ನೋಡ್ಕೋಬಹುದು. ಚಿನ್ನದ್ದೇ ತೊಂದರೆ. ಆದ್ರೆ ಚಿನ್ನಕ್ಕೆ ಒಂದು ದಾರಿ ಇದೆ. ಹೆಣ್ಣುಮಗಳಿಗೆ ತವರಿನವರು ಕೊಟ್ಟಿದ್ದು ಅಂದ್ರೆ ಅಷ್ಟಾಗಿ ಕೆದಕಲ್ಲ. ನಿಮ್ಮ ತಂದೆಯವರಿಗೆ ಅಂಗಡಿ ಇದೆ ಅಂದ್ರಿ, ಅಲ್ವಾ ಅಮ್ಮ?"

ಅಂಗಡಿ ಇತ್ತು. ಸರಗೂರಿನ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಒಳಗೆ, ಒಂದೇ ಬಾಗಿಲಿನ ಅಂಗಡಿ. ಎತ್ತಿನ ಹಗ್ಗ, ಮೂಗುದಾರ, ಕೊರಳ ಗಂಟೆ, ಗೋಣಿಚೀಲ, ಟಾರ್ಪಾಲು, ಹೊಗೆಸೊಪ್ಪು ಕಟ್ಟುವ ದಾರದ ಉಂಡೆ. ಕಂಠಪ್ಪ ಅದನ್ನು ತನ್ನಪ್ಪನ ಕಾಲದಿಂದ ನಡೆಸಿಕೊಂಡು ಬಂದಿದ್ದ. ಮಗಳ ಮದುವೆಯಲ್ಲಿ ಎರಡೆಳೆ ಸರ, ನಾಲ್ಕು ಬಳೆ, ಜುಮುಕಿ, ಅಳಿಯನಿಗೊಂದು ಉಂಗುರ ಕೊಟ್ಟಿದ್ದ. ಅಷ್ಟಕ್ಕೇ ಅವನು ಎರಡು ವರ್ಷ ಹೊಸ ಪಂಚೆ ತೆಗೆದುಕೊಂಡಿರಲಿಲ್ಲ.

ಅಫಿಡವಿಟ್ಟಿಗೆ ಸಹಿ ಹಾಕಿಸಲು ಅಳಿಯನೇ ಸರಗೂರಿಗೆ ಹೋದ. ಪ್ರೇಮಮ್ಮ ಜೊತೆಗಿದ್ದಳು. ವಿಷಯ ಕೇಳಿ ಕಂಠಪ್ಪ ಸ್ವಲ್ಪ ಹೊತ್ತು ಬೀದಿ ನೋಡಿದ.

"ಇಷ್ಟೆಲ್ಲ ನಾನೇ ಕೊಟ್ಟೆ ಅಂತ ಹೇಳ್ಬೇಕಾ?"

"ಬರೀ ಒಂದು ಸಹಿ ಮಾವ. ಮುಂದಿಂದೆಲ್ಲ ಲಾಯರ್ ನೋಡ್ಕೋತಾರೆ" ಎಂದ ಮಹದೇವಪ್ರಸಾದ್.

ಕಂಠಪ್ಪ ಮಗಳ ಕಡೆ ತಿರುಗಿದ. "ಅಂಗಾದ್ರೆ ನಿನ್ ಸಂಸಾರ ಉಳೀತದಾ ಮಗ?"

ಪ್ರೇಮಮ್ಮ ಏನೋ ಒಂದು ಹೇಳಬೇಕಿತ್ತು. ಅವಳು ಗಲ್ಲಾಪೆಟ್ಟಿಗೆಯ ಪಕ್ಕ ನೇತುಹಾಕಿದ್ದ ಮೂಗುದಾರಗಳನ್ನು ನೋಡುತ್ತಿದ್ದಳು. ಅವಳ ಮೌನವನ್ನೇ ಹೂಂ ಎಂದು ತಿಳಿದ ಕಂಠಪ್ಪ ಕನ್ನಡಕ ಹಾಕಿಕೊಂಡು, ಅಳಿಯ ಬೆರಳಿಟ್ಟ ಕಡೆಯಲ್ಲೆಲ್ಲ ಸಹಿ ಹಾಕಿದ. ಆ ಕಣ್ಣು ಕಾಣುವಂತೆ ಮಾಡಿದವನೂ ಅಳಿಯನೇ ಎಂಬುದು ಅವನ ಮನಸ್ಸಿನಲ್ಲಿ ಇದ್ದಿರಬೇಕು. ಸಹಿ ಆದ ಮೇಲೆ ಎದುರಿನ ಶಿವಣ್ಣನ ಹೋಟೆಲಿನಿಂದ ಮೂವರಿಗೂ ಕಾಫಿ ತರಿಸಿದ.

ಅಷ್ಟಾಗಿ ಕೆದಕುವುದಿಲ್ಲ ಎಂದಿದ್ದರು ವಕೀಲರು. ಆದರೆ ತನಿಖೆಯವರು ಕೆದಕಿದರು. ಕೆಲವು ತಿಂಗಳಾದ ಮೇಲೆ, ಸಂತೆಯ ದಿನ, ಅಂಗಡಿಯ ತುಂಬ ಗಿರಾಕಿಗಳಿದ್ದ ಹೊತ್ತಿನಲ್ಲಿ ತನಿಖಾಧಿಕಾರಿ ಇಬ್ಬರು ಸಿಬ್ಬಂದಿಯೊಂದಿಗೆ ಬಂದು ಬಾಗಿಲಲ್ಲಿ ನಿಂತ. ಬೈಯಲಿಲ್ಲ, ಗದರಲಿಲ್ಲ. ಅಂಗಡಿಯ ಒಳಗೆ ಒಂದು ಸಲ ಕಣ್ಣಾಡಿಸಿ, "ಯಜಮಾನ್ರೇ, ಮಗಳಿಗೆ ನೀವು ಕೊಟ್ಟಿದ್ದು ಅಂದಿರೋ ಚಿನ್ನ ಎಲ್ಲಾನೂ ಈ ಅಂಗಡಿ ದುಡಿಮೇಲೇ ತಗೊಂಡಿದ್ದಾ?" ಎಂದು ಕೇಳಿದ.

"ಹೌದು" ಎಂದ ಕಂಠಪ್ಪ.

"ಯಾವ ಅಂಗಡೀಲಿ ತಗೊಂಡ್ರಿ?"

"ಮೈಸೂರಲ್ಲಿ."

"ಮೈಸೂರಲ್ಲಿ ಎಲ್ಲಿ?"

ಕಂಠಪ್ಪನಿಗೆ ಹೆಸರು ಹೊಳೆಯಲಿಲ್ಲ. ಹಗ್ಗ ಕೊಳ್ಳಲು ಬಂದು ನಿಂತಿದ್ದ ಹಳ್ಳಿಯವನೊಬ್ಬ ಹಿಂದಿನಿಂದ, "ಮೊನ್ನೆ ಮೂಗ್ದಾರಕ್ಕೆ ಐದ್ ರೂಪಾಯಿ ಬುಡಪ್ಪ ಅಂದ್ರೆ ಬುಡ್ನಿಲ್ಲ. ಇದುಕ್ಕೇ ಏನ್ ಕಂಠಪ್ಪಣ್ಣ!" ಎಂದ. ಅಂಗಡಿಯೆಲ್ಲ ನಕ್ಕಿತು. ಅವನು ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ, ಸಲಿಗೆಯಿಂದ ಹೇಳಿದ್ದು. ಕಂಠಪ್ಪನೂ ನಗಲು ನೋಡಿದ. ಅಧಿಕಾರಿ ಮಾತ್ರ ನಗದೆ, ಉತ್ತರ ಬರೆದುಕೊಂಡು ಹೋದ.

ಪ್ರೇಮಮ್ಮನಿಗೆ ಫೋನ್ ಮಾಡಿ ಇದನ್ನೆಲ್ಲ ಹೇಳಿದವನು ಹೋಟೆಲಿನ ಶಿವಣ್ಣ. "ನಿಮ್ಮಪ್ಪ ಆಗ್ಲಿಂದ ಅಂಗ್ಡಿ ಬಾಗ್ಲು ಅರ್ಧ ಎಳ್ಕೊಂಡು ಒಳುಗ್ ಕುಂತವ್ರೆ ಕಣವ್ವ. ಕಾಫಿ ಕಳ್ಸಿದ್ರೆ ವಾಪಸ್ ಕಳ್ಸಿದ್ರು. ಒಂದ್ಸಲ ಬಂದೋಗು" ಎಂದ.

ಅವಳು ಹೆಗ್ಗಡದೇವನಕೋಟೆ ಮೇಲೆ ಹೋಗುವ ಬಸ್ಸು ಹಿಡಿದು ಸರಗೂರಿಗೆ ಹೋದಳು. ಕಂಠಪ್ಪ ಗೋಣಿಚೀಲದ ಅಟ್ಟಿಯ ಮೇಲೆ ಕೂತು ಹಗ್ಗದ ತುದಿ ಬಿಚ್ಚದಂತೆ ಗಂಟು ಹಾಕುತ್ತಿದ್ದ. ಮಗಳನ್ನು ಕಂಡು ಜಾಗ ಬಿಟ್ಟು ಕೂತ.

"ಅವ್ರೇನೂ ಅನ್ನಿಲ್ಲ ಕಣ್ ಮಗ. ಮರ್ಯಾದೆಯಾಗೇ ಕೇಳುದ್ರು" ಎಂದ. ಮತ್ತೊಂದು ಗಂಟು ಹಾಕಿ ಹೇಳಿದ: "ನಾನೇಳಿದ್ದು ಸುಳ್ಳು ಅಂತ ಅವ್ರಿಗೆ ಗೊತ್ತು. ಅವ್ರಿಗೆ ಗೊತ್ತು ಅಂತ ನಂಗೂ ಗೊತ್ತು. ಇರ್ಲಿ ಬುಡು. ಇನ್ನೊಂದ್ಸಲ ಕೇಳುದ್ರೂ ಅಂಗೇ ಹೇಳ್ತೀನಿ."

ಪ್ರೇಮಮ್ಮ ಸಂಜೆಯ ತನಕ ಅವನ ಪಕ್ಕದಲ್ಲಿ ಕೂತಿದ್ದಳು. ಇಬ್ಬರು ಗಿರಾಕಿಗಳು ಬಂದರು. ಅವರಿಗೆ ಟಾರ್ಪಾಲು ಅಳೆದು ಕೊಟ್ಟವಳು ಅವಳೇ.

ಆಮೇಲೆ ಅವಳಿಗೇ ನೋಟಿಸು ಬಂತು, ಮೈಸೂರಿನ ಕಚೇರಿಗೆ ಬಂದು ಹೇಳಿಕೆ ಕೊಡಬೇಕೆಂದು. ಮಹದೇವಪ್ರಸಾದ್ ಒಂದು ವಾರ ಅಡುಗೆಮನೆಯಲ್ಲೇ ಕುರ್ಚಿ ಹಾಕಿಕೊಂಡು ಕೂತು ಅವಳಿಗೆ ಪಾಠ ಹೇಳಿದ. "ಡಾಬು ಯಾವಾಗ್ ಕೊಟ್ರು?"

"ಚೈತ್ರ ಹುಟ್ದಾಗ."

"ಲಾಂಗ್ ಚೈನು?"

"ಗೃಹಪ್ರವೇಶಕ್ಕೆ."

"ಕಲ್ಲಿನ ನೆಕ್ಲೇಸು?"

"ಅದೂ ಗೃಹಪ್ರವೇಶಕ್ಕೆ."

"ಅಲ್ಲ, ಅದು ಚೈತ್ರನ ನಾಮಕರಣಕ್ಕೆ. ಸರಿಯಾಗಿ ನೆನಪಿಟ್ಕೋ ಪ್ರೇಮ" ಎನ್ನುವನು. ಅವಳು ಚಪಾತಿ ಲಟ್ಟಿಸುತ್ತ ಮತ್ತೆ ಹೇಳುವಳು. ಶಾಲೆಯಲ್ಲಿ ಮಗ್ಗಿ ಕಲಿತಂತೆ ಕಲಿತಳು. ಅವಳಿಗೆ ಅದು ಸುಳ್ಳು ಎಂದೂ ಅನ್ನಿಸುತ್ತಿರಲಿಲ್ಲ, ನಿಜ ಎಂದೂ ಅನ್ನಿಸುತ್ತಿರಲಿಲ್ಲ. ಡಾಬು ಎಂದರೆ ಚೈತ್ರ, ಚೈನು ಎಂದರೆ ಮನೆ, ಅಷ್ಟೇ.

ಹೋದ ದಿನ ಗಂಡನನ್ನು ಒಳಗೆ ಬಿಡಲಿಲ್ಲ. ಅವನು ರಸ್ತೆಯಾಚೆಯ ಟೀ ಅಂಗಡಿಯಲ್ಲಿ ಉಳಿದ. ಪ್ರೇಮಮ್ಮ ಕಚೇರಿಯ ವರಾಂಡದಲ್ಲಿದ್ದ ಬೆಂಚಿನ ಮೇಲೆ ಕೂತಳು. ಅಲ್ಲಿ ಮೊದಲೇ ಒಬ್ಬಳು ವಯಸ್ಸಾದ ಹೆಂಗಸು ಕಾಲು ನೀಡಿಕೊಂಡು ಕೂತಿದ್ದಳು. ಮೊಣಕಾಲು ತಿಕ್ಕಿಕೊಳ್ಳುತ್ತ, ಕೇಳದಿದ್ದರೂ ಮಾತಿಗೆ ಶುರು ಮಾಡಿದಳು.

"ಇನ್ನೂ ಎಷ್ಟೊತ್ತು ಕೂರುಸ್ತಾರೋ ಕಾಣೆ. ಬೆಳಗಾನ ಎದ್ದು ಬಂದೀವ್ನಿ. ನೀವು ಯಾವೂರ್ ತಾಯಿ?"

"ಹುಣಸೂರು."

"ನಮ್ದು ಬೂದನಕೊಪ್ಪಲು. ಪಿರಿಯಾಪಟ್ಟಣದ್ ತಾವ."

ಪ್ರೇಮಮ್ಮ ಕೈಚೀಲವನ್ನು ತೊಡೆಯ ಮೇಲೆ ಎಳೆದುಕೊಂಡಳು.

ಆ ಹೆಂಗಸಿನ ಹೆಸರು ಪುಟ್ಟತಾಯಮ್ಮ. ಅವರ ಊರಿನ ಬೋರಿನ ನೀರು ಬಾಯಿಗೆ ಹಾಕಲಾಗದ್ದು. ಕುಡಿದವರಿಗೆ ಕೀಲು ಹಿಡಿಯುತ್ತದೆ, ಮಕ್ಕಳ ಹಲ್ಲು ಹಳದಿಯಾಗುತ್ತದೆ. ಪಂಚಾಯಿತಿಯಿಂದ ಶುದ್ಧ ನೀರಿನ ಘಟಕ ಕಟ್ಟಿದರು. ಕಟ್ಟಿದ್ದು ನಿಜ. ಗೋಡೆ ಎದ್ದಿತು, ತಗಡು ಹೊದಿಸಿದರು, ನೀಲಿ ಬಣ್ಣ ಬಳಿದು ಮೇಲೆ ಹೆಸರು ಬರೆಸಿದರು, ಬೀಗ ಹಾಕಿದರು. ವರ್ಷವಾದರೂ ಬೀಗ ತೆಗೆಯದಿದ್ದಾಗ ಊರಿನವರು ಕಿಟಕಿಯಿಂದ ಇಣುಕಿದರು. ಒಳಗೆ ಮಿಷಿನ್ನೇ ಇರಲಿಲ್ಲ. ಮಿಷಿನ್ನು ತಂದು ಕೂರಿಸಿದ್ದಕ್ಕೆ ಬಿಲ್ಲು ಪಾಸಾಗಿ ಹೋಗಿತ್ತು.

"ಒಳಗ್ ಏನಿತ್ತು ಅಂತೀರಿ? ಯಾರ್ದೋ ಕೋಳಿ ಮೊಟ್ಟೆ ಇಟ್ಟಿತ್ತು" ಎಂದು ಪುಟ್ಟತಾಯಮ್ಮ ನಕ್ಕಳು. "ಹೊಗೆಸೊಪ್ಪು ಬೇಯ್ಸೋ ಬ್ಯಾರನ್ ಮನೆ ತಾವ ಒಂದು ಬೋರ್ ಐತೆ, ವಸಿ ವಾಸಿ ನೀರು. ಅಲ್ಲಿಂದ ಹೊತ್ಕೊಂಡ್ ಬತ್ತೀವಿ. ನಂಗೆ ಈ ಕಾಲಲ್ಲಿ ಆಗಕಿಲ್ಲ. ಸೊಸೆ ಹೋಯ್ತಾಳೆ. ನಾನು ಅರ್ಜಿಗೆ ಹೆಬ್ಬೆಟ್ಟು ಒತ್ತಿದ್ದೆ ಅಂತ ಪದೇ ಪದೇ ಕರೀತಾರೆ. ಬಂದಾಗ್ಲೆಲ್ಲ ಒಂದೇ ಕೇಳ್ತಾರೆ, ನಾನೂ ಒಂದೇ ಹೇಳ್ತೀನಿ." ಪ್ರೇಮಮ್ಮನ ಕಡೆ ತಿರುಗಿ, "ನೀವ್ಯಾಕ್ ತಾಯಿ ಬಂದಿದ್ದೀರಿ? ನಿಮ್ಗೂ ಮೋಸ ಆಗೈತಾ?" ಎಂದು ಕೇಳಿದಳು.

"ಹೂಂ" ಎಂದಳು ಪ್ರೇಮಮ್ಮ. ಅಷ್ಟರಲ್ಲಿ ಒಳಗಿನಿಂದ ಅವಳ ಹೆಸರು ಕೂಗಿದರು.

ಕೋಣೆಯಲ್ಲಿ ಅಧಿಕಾರಿ, ಕಂಪ್ಯೂಟರಿನ ಮುಂದೆ ಒಬ್ಬ ಹುಡುಗಿ. ಫ್ಯಾನು ಕಟಕಟ ಸದ್ದು ಮಾಡುತ್ತಿತ್ತು. ಹೆಸರು, ವಯಸ್ಸು, ಓದು ಎಲ್ಲ ಕೇಳಿದ ಮೇಲೆ ಅಧಿಕಾರಿ ಫೋಟೋ ಒಂದನ್ನು ಮುಂದೆ ತಳ್ಳಿದ. ನವಿಲಿನ ಕೊರಳಿನ ಮೇಲೆ ಡಾಬು ಬಿದ್ದುಕೊಂಡಿತ್ತು.

"ಇದು ಯಾರು ಕೊಟ್ಟಿದ್ದಮ್ಮ?"

"ಚೈತ್ರ ಹುಟ್ಟಿದಾಗ" ಎಂದಳು ಪ್ರೇಮಮ್ಮ. ಮುಂದಿನದು ಅವಳಿಗೆ ಗೊತ್ತಿತ್ತು. ನಮ್ಮಪ್ಪ ಕೊಟ್ಟಿದ್ದು ಎನ್ನಬೇಕಿತ್ತು, ಎರಡೇ ಮಾತು. ಹುಡುಗಿ ಕೀಗಳ ಮೇಲೆ ಬೆರಳಿಟ್ಟುಕೊಂಡು ಕಾಯುತ್ತಿದ್ದಳು.

"ಹೇಳಿ ಅಮ್ಮ. ಚೈತ್ರ ಹುಟ್ಟಿದಾಗ?"

"ಚೈತ್ರ ಹುಟ್ಟಿದಾಗ ನಮ್ಮಪ್ಪ ಒಂದು ತೊಟ್ಟಿಲು ತಂದಿದ್ರು. ಅಂಗಡಿ ಹಗ್ಗದಲ್ಲೇ ಕಟ್ಟಿಕೊಟ್ಟಿದ್ರು" ಎಂದಳು. "ಡಾಬು ಅವರು ಕೊಟ್ಟಿದ್ದಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟ. "ಹಾಗಾದ್ರೆ?"

"ನಮ್ಮಪ್ಪ ಕೊಟ್ಟಿದ್ದು ಎರಡೆಳೆ ಸರ, ನಾಲ್ಕು ಬಳೆ, ಜುಮುಕಿ, ಒಂದು ಉಂಗುರ. ಮಿಕ್ಕಿದ್ದು ನಮ್ಮನೆಯವರು ತಂದಿದ್ದು."

"ಅವರಿಗೆ ಎಲ್ಲಿಂದ ಬಂತು?"

"ಕೇಳಲಿಲ್ಲ."

"ಒಂದು ಸಲಾನೂ?"

"ಮೊದಮೊದಲು ಕೇಳ್ದೆ. ಆಮೇಲೆ ಬಿಟ್ಟೆ."

ಹುಡುಗಿ ಟೈಪು ಮಾಡಿದಳು. ಅಧಿಕಾರಿ ಕುರ್ಚಿಗೆ ಒರಗಿ ಕೂತು ನಿಧಾನವಾಗಿ ಹೇಳಿದ: "ಗೊತ್ತಿದ್ದೇ ಹೇಳ್ತಿದ್ದೀರಲ್ವಾ? ನಿಮ್ಮ ತಂದೆಯವರು ಸುಳ್ಳು ಅಫಿಡವಿಟ್ ಕೊಟ್ಟಂಗಾಗುತ್ತೆ. ಅವರ ಮೇಲೂ ಕ್ರಮ ಆಗಬಹುದು."

ಅದನ್ನು ಅವಳು ಯೋಚಿಸಿಯೇ ಇರಲಿಲ್ಲ. "ಅವರಿಗೆ ನಾವು ಹೇಳಿದ್ವಿ, ಅವರು ಸಹಿ ಹಾಕಿದ್ರು. ಅದನ್ನೂ ಬರ್ಕೊಳ್ಳಿ" ಎಂದಳು. ಬರೆದುಕೊಂಡರು. ಓದಿ ಹೇಳಿದರು. ಸಹಿ ಹಾಕಿ ಎದ್ದಳು.

ಯಾಕೆ ಹಾಗೆ ಹೇಳಿದೆ ಎಂದು ಅವಳನ್ನು ಆಮೇಲೆ ಕೇಳದವರಿಲ್ಲ. ಆ ಘಟಕದ ಕಥೆ ಕೇಳಿ ಮನಸ್ಸು ಕರಗಿತು ಎಂದು ಹೇಳಿದ್ದರೆ ಎಲ್ಲರಿಗೂ ಸಮಾಧಾನವಾಗುತ್ತಿತ್ತು. ಅವಳು ಹಾಗೆ ಹೇಳಿಕೊಳ್ಳಲಿಲ್ಲ. ಧೈರ್ಯವೂ ಬಂದಿರಲಿಲ್ಲ, ಸಿಟ್ಟೂ ಬಂದಿರಲಿಲ್ಲ. ಆ ಮಾತು ಬಾಯಿಗೆ ಬರಲಿಲ್ಲ, ಬೇರೆ ಮಾತು ಬಂತು ಎಂದಷ್ಟೇ ಹೇಳುತ್ತಾಳೆ.

ಹೊರಗೆ ಬಂದಾಗ ಮಹದೇವಪ್ರಸಾದ್ ಓಡಿಬಂದ. "ಎಲ್ಲಾ ಹೇಳ್ದ್ಯಾ?"

"ಹೇಳ್ದೆ."

ಅವನ ಮುಖ ಹಗುರಾಯಿತು. ಟೀ ಕುಡಿಸಿದ, ಬನ್ನು ಕೊಡಿಸಿದ. ಹುಣಸೂರಿನ ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಬಿಳಿಕೆರೆ ಹತ್ತಿರ ಬಂದಾಗ ಪ್ರೇಮಮ್ಮ, "ನಿಜ ಹೇಳ್ದೆ ರೀ" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಅವಳು ಮತ್ತೆ, "ಅಪ್ಪ ಕೊಟ್ಟಿದ್ದಲ್ಲ ಅಂತ ಹೇಳ್ದೆ" ಎಂದಳು.

ಅವನು ಕೂಗಾಡಲಿಲ್ಲ. ಅವಳ ಮುಖವನ್ನೇ ನೋಡಿದ. ಆಮೇಲೆ ಎದ್ದು ಹೋಗಿ ಬಸ್ಸಿನ ಬಾಗಿಲ ಹತ್ತಿರ ಕಂಬಿ ಹಿಡಿದು ನಿಂತ. ಬಸ್ಸಿನಲ್ಲಿ ಖಾಲಿ ಸೀಟುಗಳಿದ್ದವು. ಕಂಡಕ್ಟರ್ ಕೂತ್ಕೊಳ್ಳಿ ಸಾರ್ ಎಂದು ಎರಡು ಸಲ ಹೇಳಿದ. ಹುಣಸೂರು ಬರುವ ತನಕ ಅವನು ನಿಂತೇ ಇದ್ದ.

ಅಪ್ಪನಿಗೆ ಹೇಳಲು ಅವಳು ಮಾರನೆ ದಿನ ಸರಗೂರಿಗೆ ಹೋದಳು. ಅಪ್ಪನಿಗೆ ಭಾರ ಇಳಿದಂತಾಗುತ್ತದೆ ಎಂಬ ಸಣ್ಣ ನಿರೀಕ್ಷೆ ಅವಳಲ್ಲಿತ್ತು. ಕಂಠಪ್ಪ ಎಲ್ಲವನ್ನೂ ಕೇಳಿ ಹೇಳಿದ:

"ಸಂತೇಲಿ ಅಷ್ಟ್ ಜನದ್ ಮುಂದೆ ತಲೆ ತಗ್ಗುಸ್ದೆ. ನಿಂಗೋಸ್ಕರ ಅಂತ ತಗ್ಗುಸ್ದೆ ಕಣ್ ಮಗ. ಈಗ ಅದೂ ಯಾತಕ್ಕೂ ಇಲ್ದಂಗಾಯ್ತು."

ಕಂಠಪ್ಪ ಮತ್ತೆ ಆ ಮಾತೆತ್ತಲಿಲ್ಲ. ಕರೆದಾಗ ಮೈಸೂರಿಗೆ ಹೋಗಿ ಮೊದಲು ಕೊಟ್ಟದ್ದು ಸುಳ್ಳು, ಮಗಳು ಹೇಳಿದ್ದೇ ನಿಜ ಎಂದು ಹೇಳಿ ಬಂದ. ವಯಸ್ಸು ನೋಡಿ ಅವನನ್ನು ಎಚ್ಚರಿಕೆ ಕೊಟ್ಟು ಬಿಟ್ಟರು. ಆದರೆ ಬಸ್ ಸ್ಟ್ಯಾಂಡಿನ ಕಡೆಯಿಂದ ಅಂಗಡಿಗೆ ಬರುತ್ತಿದ್ದವನು ಅಂದಿನಿಂದ ಹಿಂದಿನ ಓಣಿಯಿಂದ ಬರತೊಡಗಿದ.

ಚಾರ್ಜ್‌ಶೀಟಿಗೆ ಸರ್ಕಾರದ ಅನುಮತಿ ಬೇಕು ಎಂದು ಕೆಲವು ತಿಂಗಳು ಹೋದವು. ಆಮೇಲೆ ಕೊರೊನಾ ಬಂತು. ಅಷ್ಟರೊಳಗೆ ಮಹದೇವಪ್ರಸಾದನ ಅಮಾನತು ತೆರವಾಗಿ, ಹೆಗ್ಗಡದೇವನಕೋಟೆ ಕಡೆ ಇನ್ನೊಂದು ಪಂಚಾಯಿತಿಗೆ ಹಾಕಿದರು. ಕೆಲಸಕ್ಕೆ ಸೇರಿದ ದಿನ ಅಲ್ಲಿಯ ಸದಸ್ಯರು ಶಾಲು ಹೊದಿಸಿ ಹಾರ ಹಾಕಿದ ಫೋಟೋ ವಾಟ್ಸಾಪಿನಲ್ಲಿ ಬಂತು. ಹುಣಸೂರಿನ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೇ. ಅವಳು ಬಡಿಸುತ್ತಿದ್ದಳು, ಅವನು ಉಣ್ಣುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಎದ್ದು ಅವನೇ ತಂದುಕೊಳ್ಳುತ್ತಿದ್ದ. ಕರೆಂಟ್ ಬಿಲ್ಲು, ಗ್ಯಾಸು, ಇಂಥ ಮಾತುಗಳು ಮಾತ್ರ ಇದ್ದವು.

ಚೈತ್ರ ಓದು ಮುಗಿಸಿ ಕೆ.ಆರ್. ನಗರದಲ್ಲಿ ಒಂದು ಖಾಸಗಿ ಶಾಲೆಗೆ ಟೀಚರಾಗಿ ಸೇರಿದಳು. ರಜೆಗೆ ಬಂದಾಗ ಒಮ್ಮೆ ತಾಯಿಯನ್ನು ಕೇಳಿದಳು: "ನೀನು ಅಪ್ಪನ್ನ ಹಿಡ್ಕೊಟ್ಟೆ ಅಂತ ದೊಡ್ಡಮ್ಮ ಎಲ್ಲ ಹೇಳ್ತಾರೆ. ನಾನೇನು ಹೇಳ್ಬೇಕು ಅವರಿಗೆ?"

"ಏನೂ ಹೇಳ್ಬೇಡ."

"ನಿನಗೆ ಬೇಜಾರೇ ಆಗಲ್ವಾ ಅಮ್ಮ?"

ಪ್ರೇಮಮ್ಮ ಯೋಚಿಸಿದಳು. ನಿಜವಾಗಿಯೂ ಯೋಚಿಸಿದಳು. "ಆಗ್ಬೇಕು ಅಲ್ವಾ?" ಎಂದಳು. ಚೈತ್ರ ಅವಳ ಭುಜಕ್ಕೆ ತಲೆಯಿಟ್ಟು ಅತ್ತಳು. ಪ್ರೇಮಮ್ಮ ಬೆನ್ನು ಸವರಿದಳು.

ತೀರ್ಪು ಬಂದದ್ದು ದಾಳಿಯಾಗಿ ಐದು ವರ್ಷದ ಮೇಲೆ. ಅದಕ್ಕೂ ಮೊದಲು ಪ್ರೇಮಮ್ಮನನ್ನು ಸಾಕ್ಷಿಯಾಗಿ ಕರೆದಿದ್ದರು. ಅವಳು ಕಚೇರಿಯಲ್ಲಿ ಹೇಳಿದ್ದನ್ನೇ ಕೋರ್ಟಿನಲ್ಲೂ ಹೇಳಿದ್ದಳು. ಗಂಡನ ವಕೀಲರು, ನಿಮಗೆ ಗಂಡನ ಮೇಲೆ ದ್ವೇಷವಿದೆಯಲ್ಲವೇ ಎಂದು ಕೇಳಿದಾಗ, ಇಲ್ಲ ಎಂದಿದ್ದಳು. ಅದೂ ನಿಜವೇ ಆಗಿತ್ತು. ತೀರ್ಪಿನ ದಿನ ನ್ಯಾಯಾಧೀಶರು ಆದಾಯ ಮೀರಿದ ಆಸ್ತಿ ಸಾಬೀತಾಗಿದೆ ಎಂದು ಜೈಲು ಶಿಕ್ಷೆ, ದಂಡ ಎರಡನ್ನೂ ಹೇಳಿದರು. ಮದುವೆಯ ಒಡವೆ ಬಿಟ್ಟು ಉಳಿದ ಚಿನ್ನ ಸರ್ಕಾರಕ್ಕೆ. ಮಹದೇವಪ್ರಸಾದ್ ಕಟಕಟೆಯಲ್ಲಿ ನಿಂತು ಕರವಸ್ತ್ರವನ್ನು ಮಡಚುತ್ತಿದ್ದ, ಬಿಚ್ಚುತ್ತಿದ್ದ. ಪ್ರೇಮಮ್ಮನಿಗೆ ಹೊರಗೆ ಬಿಟ್ಟು ಬಂದ ಚಪ್ಪಲಿ ಯಾರಾದರೂ ಹಾಕಿಕೊಂಡು ಹೋದಾರೆಂಬ ಯೋಚನೆಯೇ ಮತ್ತೆ ಮತ್ತೆ ಬರುತ್ತಿತ್ತು.

ವರಾಂಡದಲ್ಲಿ ಪುಟ್ಟತಾಯಮ್ಮ ನಿಂತಿದ್ದಳು. ಊರಿನವರು ನಾಲ್ಕೈದು ಮಂದಿ ತೀರ್ಪು ಕೇಳಲು ಜೀಪು ಮಾಡಿಕೊಂಡು ಬಂದಿದ್ದರು. ಅವಳು ಪ್ರೇಮಮ್ಮನನ್ನು ಗುರುತು ಹಿಡಿದಳು. ಯಾರು ಎಂಬುದೂ ಅಷ್ಟರಲ್ಲಿ ಅವಳಿಗೆ ಗೊತ್ತಾಗಿತ್ತು.

"ಅವತ್ತು ಬೆಂಚಿನ್ ಮೇಲೆ ಕುಂತಿದ್ದು ನೀವೇಯ" ಎಂದಳು.

"ಹೌದು."

ಪ್ರೇಮಮ್ಮ, "ನಿಮ್ಮೂರಲ್ಲಿ ಆ ಘಟಕ ಈಗ ಶುರುವಾಯ್ತಾ?" ಎಂದು ಕೇಳಿದಳು.

"ಎಲ್ಲಿ ತಾಯಿ? ಈ ಕೇಸು ಒಡವೆ ಸೈಟಿಂದಂತೆ. ಅದು ಬ್ಯಾರೆ ಕೇಸಂತೆ, ಇನ್ನೂ ನಡೀತಾ ಐತಂತೆ. ಈ ಚಿನ್ನ ಮಾರಿದ್ ದುಡ್ಡು ಸರ್ಕಾರುಕ್ ಹೋಯ್ತದೆ, ನಿಮ್ಮೂರಿಗ್ ಬರಾಕಿಲ್ಲ ಅಂದ್ರು ಲಾಯರು." ಪುಟ್ಟತಾಯಮ್ಮ ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಮ್ ಸೊಸೆಗೂ ಈಗ ಮಂಡಿ ನೋವು. ಮೊಮ್ಮಗಳು ತರ್ತಾಳೆ." ಪ್ರೇಮಮ್ಮನ ಕೈಯನ್ನು ಒಂದು ಗಳಿಗೆ ಮುಟ್ಟಿ, ಬೈಯದೆ, ಹರಸದೆ, ಮೆಟ್ಟಿಲಿಳಿದು ಜೀಪಿನ ಕಡೆ ಹೋದಳು.

ಮಹದೇವಪ್ರಸಾದ್ ಹೈಕೋರ್ಟಿಗೆ ಅಪೀಲು ಹಾಕಿಕೊಂಡ. ಶಿಕ್ಷೆಗೆ ತಡೆ ಸಿಕ್ಕು ಜಾಮೀನಿನ ಮೇಲೆ ಹೊರಬಂದ. ಕೆಲಸದಿಂದ ವಜಾ ಆದ. ಪ್ರೇಮಮ್ಮ ಹುಣಸೂರಿನ ಮನೆಯ ಬೀಗದ ಕೈ ಅವನಿಗೆ ಕೊಟ್ಟು ಸರಗೂರಿಗೆ ಬಂದಳು. ಜಗಳವಾಡಿ ಬಂದದ್ದಲ್ಲ. ಕಂಠಪ್ಪನಿಗೆ ಅಂಗಡಿಯಲ್ಲಿ ಹೆಚ್ಚು ಹೊತ್ತು ಕೂರಲು ಆಗುತ್ತಿರಲಿಲ್ಲ. ಅವಳು ಬಂದು ಕೂತಳು, ಹೋಗಲಿಲ್ಲ. ಯಾವ ಸೀಸನ್ನಿನಲ್ಲಿ ಯಾವ ದಾರ ಓಡುತ್ತದೆ ಎಂಬುದು ಮೆಲ್ಲಗೆ ಗೊತ್ತಾಯಿತು. ಕೋರ್ಟಿನಿಂದ ವಾಪಸು ಬಂದ ಮದುವೆ ಒಡವೆಯನ್ನು ಚೈತ್ರಳ ಕೈಗೆ ಕೊಟ್ಟಳು. ಚೈತ್ರ ಅದನ್ನು ಮಾರಿ ಬಿ.ಎಡ್. ಫೀಸು ಕಟ್ಟಿದಳು. ಕಂಠಪ್ಪ ಕೇಳಿ, ಒಳ್ಳೇದಾಯ್ತು ಎಂದ.

ಕಳೆದ ಕಾರ್ತಿಕದಲ್ಲಿ ಮಹದೇವಪ್ರಸಾದ್ ಅಂಗಡಿಗೆ ಬಂದ. ಮೊದಲಿಗಿಂತ ಸಣ್ಣಗಾಗಿದ್ದ. ಅವಳು ಸ್ಟೂಲು ಹಾಕಿದಳು. ಗಿರಾಕಿಯೊಬ್ಬ ಹಗ್ಗ ಅಳೆಸಿಕೊಂಡು ಹೋಗುವ ತನಕ ಅವನು ಸುಮ್ಮನೆ ಕೂತಿದ್ದ.

"ಮುಂದಿನ ತಿಂಗಳು ಅಪೀಲು ಹಿಯರಿಂಗಿಗೆ ಬರುತ್ತಂತೆ" ಎಂದ.

"ಹೂಂ."

"ಅವತ್ತು ನೀನು ಒಂದು ಮಾತು ಹೇಳದೆ ಇದ್ದಿದ್ರೆ..." ಎಂದು ಶುರು ಮಾಡಿ ನಿಲ್ಲಿಸಿದ. ಬಯ್ಯುವ ದನಿಯಲ್ಲ ಅದು. ಅವನೂ ದಣಿದಿದ್ದ. "ಆ ಮಿಷಿನ್ನು ಆಮೇಲೆ ಕೂರಿಸ್ಬೇಕು ಅಂತಲೇ ಇತ್ತು ಪ್ರೇಮ. ಬಿಲ್ಲು ಮೊದಲು ಮಾಡ್ಕೊಳೋದು ಎಲ್ಲ ಕಡೆ ಇದ್ದದ್ದೇ. ಆಮೇಲೆ ಆಗಲಿಲ್ಲ."

ಇಷ್ಟು ವರ್ಷದಲ್ಲಿ ಆ ಘಟಕದ ವಿಷಯ ಅವನ ಬಾಯಿಂದ ಬಂದದ್ದು ಅದೇ ಮೊದಲು. ಪ್ರೇಮಮ್ಮ ಅದಕ್ಕೆ ಏನಾದರೂ ಹೇಳುತ್ತಾಳೆಂದು ಅವನು ಕಾದ. ಅವಳ ಒಳಗೆ ಎಲ್ಲೋ ದೂರದಲ್ಲಿ ಏನೋ ಅಲುಗಿದಂತಾಗಿ ನಿಂತಿತು. ಸಿಟ್ಟೋ ಕನಿಕರವೋ, ಅವಳಿಗೆ ತಿಳಿಯಲಿಲ್ಲ.

"ಒಳಗೆ ಅಪ್ಪ ಊಟಕ್ಕೆ ಕೂತಿದಾರೆ" ಎಂದಳು. "ಮನೆಯಿಂದ ಅವರೆಕಾಳು ಸಾರು ಮಾಡಿ ತಂದಿದೀನಿ. ನೀವೂ ಉಂಡು ಹೋಗಿ."

ಅವನು ಎದ್ದು ಒಳಗೆ ಹೋದ. ಟಾರ್ಪಾಲು ಕೇಳಿಕೊಂಡು ಇಬ್ಬರು ಬಂದರು. ಅವಳು ಕತ್ತರಿ ತೆಗೆದುಕೊಂಡು, ಎಷ್ಟು ಅಗಲದ್ದು ಬೇಕು ಎಂದು ಕೇಳಿದಳು.